ಹೊಸದುರ್ಗ ಮೊದಲೋ, ಹೊಳಲ್ಕೆರೆ ಮೊದಲೋ: ಕನ್ನಡಕ್ಕೆ ಬೇಕಾದ ತುಣುಕು ಕೋಡ್‌ಗಳು

ಮಾನ್ಯ ಸಂಪಾದಕರಿಗೆ,

ದಾವಣಗೆರೆಯ ದಲ್ಲಾಳಿ ಅಂಗಡಿಗಳಿಗೆ, ಸಣ್ಣ ವ್ಯಾಪಾರಿಗಳಿಗೆ ಮತ್ತು ಸುತ್ತಲಿನ ಕೆಲವು ಶಾಲೆಗಳಿಗೆ ವೆಬ್‌ಸೈಟ್ ಹಾಗೂ ಬಿಲ್ಲಿಂಗ್ ವ್ಯವಸ್ಥೆ ಮಾಡಿಕೊಡುವ ಕೆಲಸದಲ್ಲಿ ಹಲವು ವರ್ಷಗಳಿಂದ ತೊಡಗಿರುವ ನಾನು, ನಮ್ಮ ಭಾಗದ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಲಕ್ಷ್ಯಕ್ಕೆ ಬಾರದೆ ಉಳಿದಿರುವ ಒಂದು ವಿಷಯವನ್ನು ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಹತ್ತು ಹದಿನೈದು ಸಾಲು ಮೀರದ ತುಣುಕು ಕೋಡ್‌ಗಳು ಮತ್ತು ಕಮಾಂಡುಗಳನ್ನು ಟೈಪ್ ಮಾಡಿ ಕಂಪ್ಯೂಟರಿಗೆ ಕೆಲಸ ಹೇಳುವ ಟರ್ಮಿನಲ್ ಕಿಟಕಿಯಲ್ಲಿ ಓಡುವ ಪುಟ್ಟ ಶೆಲ್ ಸ್ಕ್ರಿಪ್ಟ್‌ಗಳೇ ಆ ವಿಷಯ. ವೆಬ್ ಪ್ರೋಗ್ರಾಮರ್ ಆದವರ ದಿನನಿತ್ಯದ ಕೆಲಸ ಇವುಗಳಿಲ್ಲದೆ ಸಾಗುವುದಿಲ್ಲ. ಹೀಗಿದ್ದರೂ ಇವನ್ನು ಕಲಿಸಬೇಕಾದ ವಿದ್ಯೆ ಎಂದು ಯಾರೂ ಎಣಿಸಿಲ್ಲ; ಬೇಕಾದಾಗ ಅಂತರ್ಜಾಲದಿಂದ ಎತ್ತಿ ಅಂಟಿಸಿಕೊಂಡರಾಯಿತು ಎಂಬ ಭಾವನೆ ಬೇರೂರಿದೆ. ಹಾಗೆ ಎತ್ತಿ ತಂದದ್ದು ಬೇರೆ ಭಾಷೆಗೆ, ಬೇರೆ ಹೊತ್ತಿಗೆ ಬರೆದದ್ದಾಗಿರುತ್ತದೆ. ಅದು ನಮ್ಮೂರ ಹೆಸರುಗಳ ಮುಂದೆ, ನಮ್ಮೂರ ಗಡಿಯಾರದ ಮುಂದೆ ಮುಗ್ಗರಿಸುತ್ತದೆ.

ಮೊದಲು ನನ್ನ ಕೈಯಿಂದಲೇ ಆದ ತಪ್ಪೊಂದನ್ನು ಹೇಳಬೇಕು. ತರಕಾರಿ ದಲ್ಲಾಳಿ ಅಂಗಡಿಯೊಂದಕ್ಕೆ ಬಿಲ್ ಹಾಕುವ ಪುಟ ಮಾಡಿಕೊಟ್ಟಿದ್ದೆ. ಆ ದಿನದ ತಾರೀಕನ್ನು ತಾನೇ ತುಂಬಿಕೊಳ್ಳಲೆಂದು ಎಲ್ಲೋ ಓದಿದ್ದ ಒಂದೇ ಸಾಲಿನ ಜಾವಾಸ್ಕ್ರಿಪ್ಟ್ ಕೋಡನ್ನು ಹಾಗೆಯೇ ಬಳಸಿದೆ: ಐಎಸ್‌ಒ ರೂಪದಲ್ಲಿ, ಅಂದರೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ದಿನಾಂಕ ಕೊಡುವ ಫಂಕ್ಷನ್‌ನಿಂದ ಮೊದಲ ಹತ್ತು ಅಕ್ಷರಗಳನ್ನು ಕತ್ತರಿಸಿಕೊಳ್ಳುವ ಸಾಲು ಅದು. ಕಚೇರಿಯಲ್ಲಿ ಕುಳಿತು ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಎಷ್ಟು ಸಲ ಪರೀಕ್ಷಿಸಿದರೂ ಸರಿಯಾಗಿಯೇ ಇತ್ತು. ಆದರೆ ತರಕಾರಿ ವ್ಯಾಪಾರ ನಡೆಯುವುದು ನಸುಕಿನಲ್ಲಿ. ಬೆಳಗಿನ ನಾಲ್ಕು ಗಂಟೆಗೆ ಹಾಕಿದ ಬಿಲ್ಲುಗಳೆಲ್ಲ ಹಿಂದಿನ ದಿನದ ತಾರೀಕು ಹೊತ್ತು ಹೊರಬರುತ್ತಿದ್ದವು. ತಿಂಗಳ ಮೊದಲ ದಿನದ ವಹಿವಾಟು ಹೋದ ತಿಂಗಳ ಲೆಕ್ಕಕ್ಕೆ ಸೇರಿಹೋಗಿ, ಗುಮಾಸ್ತರು ಎರಡು ರಾತ್ರಿ ಕುಳಿತು ಖಾತೆ ತಾಳೆ ಹಾಕಬೇಕಾಯಿತು. ಕಾರಣ ಇಷ್ಟೇ: ಆ ಫಂಕ್ಷನ್ ಹೇಳುವುದು ಅಂತರರಾಷ್ಟ್ರೀಯ ಪ್ರಮಾಣ ಸಮಯವನ್ನು. ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ನಮಗೆ ಬೆಳಗಿನ ಐದೂವರೆ ಆಗುವವರೆಗೂ ಅದರ ಲೆಕ್ಕದಲ್ಲಿ ಇನ್ನೂ ನಿನ್ನೆಯೇ ನಡೆದಿರುತ್ತದೆ. ಭಾರತದ ಸಮಯವಲಯವನ್ನು ಹೆಸರಿಸಿ ತಾರೀಕು ಕೇಳುವ ಇನ್ನೊಂದು ಸಾಲು ಬರೆದ ಮೇಲೆ ಸಮಸ್ಯೆ ಮುಗಿಯಿತು. ಸರ್ವರ್‌ನಲ್ಲಿ ನಿಗದಿತ ವೇಳೆಗೆ ಕೆಲಸ ಮಾಡಿಸುವ ಕ್ರಾನ್‌ಗೂ ಇದೇ ಮಾತು ಸಲ್ಲುತ್ತದೆ. ಸರ್ವರ್ ಪ್ರಮಾಣ ಸಮಯದಲ್ಲಿದ್ದರೆ, ಬೆಳಿಗ್ಗೆ ಆರಕ್ಕೆ ದರಪಟ್ಟಿ ಹೊರಡಬೇಕೆಂದಾಗ ಅಲ್ಲಿ ಬರೆಯಬೇಕಾದದ್ದು ಸೊನ್ನೆ ಗಂಟೆ ಮೂವತ್ತು ನಿಮಿಷ ಎಂದು. ಈ ಒಂದು ಸಾಲಿನ ವಿವರ ನನಗೆ ಯಾವ ಸೆಮಿಸ್ಟರಿನಲ್ಲೂ ಸಿಕ್ಕಿರಲಿಲ್ಲ.

ಶೆಲ್ ಸ್ಕ್ರಿಪ್ಟ್ ಎಂದರೆ ಹಳೆಯ ಕಾಲದ ಸರಕು ಎಂದು ವಿದ್ಯಾರ್ಥಿಗಳು ಮೂಗು ಮುರಿಯುವುದನ್ನು ಕಂಡಿದ್ದೇನೆ. ಹಳೆಯದು ಹೌದು. ಅಮೆರಿಕದ ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್ರಾಯ್ ಅವರು 1964ರಲ್ಲೇ, ತೋಟಕ್ಕೆ ನೀರು ಬಿಡುವ ಪೈಪಿನ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದಂತೆ ಪ್ರೋಗ್ರಾಂಗಳನ್ನು ಜೋಡಿಸುವ ಮಾರ್ಗ ಬೇಕು ಎಂದು ಟಿಪ್ಪಣಿ ಬರೆದಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂಗೆ ಅಳವಡಿಸಿದರು. ಅದಕ್ಕೆ ಪೈಪ್ ಎಂದೇ ಹೆಸರು ನಿಂತಿತು. ಚನ್ನಗಿರಿಯ ಅಡಿಕೆ ತೋಟದಿಂದ ಬಂದ ಹುಡುಗನಿಗೆ ಇದಕ್ಕಿಂತ ಸುಲಭವಾದ ಹೋಲಿಕೆ ಬೇಕಿಲ್ಲ. ಒಂದು ಕಮಾಂಡಿನ ಬಾಯಿಂದ ಬಂದ ಸಾಲುಗಳು ಮುಂದಿನ ಕಮಾಂಡಿನ ಒಳಗೆ ಹರಿಯುತ್ತವೆ, ಅಷ್ಟೆ. ಪೋಷಕರಿಗೆ ಶಾಲೆಯ ವೆಬ್‌ಸೈಟಿನಲ್ಲಿ ಪುಟ ತೆರೆಯುತ್ತಿಲ್ಲ ಎಂಬ ದೂರು ಬಂದಾಗ ನಾನು ಮಾಡುವುದು ಇದನ್ನೇ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಪ್ರತಿ ಭೇಟಿಯನ್ನೂ ಬರೆದಿಡುವ ಲಾಗ್‌ನಲ್ಲಿ, ಸಾಮಾನ್ಯ ವಿನ್ಯಾಸವಿದ್ದರೆ, ಪ್ರತಿ ಸಾಲಿನ ಒಂಬತ್ತನೆಯ ಪದ 404 (ಪುಟ ಸಿಗಲಿಲ್ಲ ಎಂಬ ಸಂಕೇತ) ಆಗಿರುವಂಥವನ್ನು ಆಕ್ ಕಮಾಂಡಿನಿಂದ ಆರಿಸಿ, ಅವುಗಳ ಏಳನೆಯ ಪದವಾದ ಪುಟದ ವಿಳಾಸವನ್ನಷ್ಟೇ ಹೊರತೆಗೆದು, ಸಾರ್ಟ್ ಮಾಡಿ, ಒಂದೇ ಬಗೆಯವನ್ನು ಯೂನಿಕ್‌ನಿಂದ ಎಣಿಸಿ, ಹೆಚ್ಚು ಎಣಿಕೆಯಿಂದ ಕಡಿಮೆಗೆ ಮತ್ತೆ ಜೋಡಿಸಿದರೆ, ಯಾವ ಕೊಂಡಿ ಮುರಿದಿದೆ ಎಂಬುದು ಕ್ಷಣದಲ್ಲಿ ಕಣ್ಣೆದುರು ಬರುತ್ತದೆ. ನಾಲ್ಕು ಕಮಾಂಡುಗಳು, ಮೂರು ಪೈಪುಗಳು. ಆಕ್ 1977ರಿಂದ ಇದೆ; ಅಹೊ, ವೈನ್‌ಬರ್ಗರ್ ಮತ್ತು ಕರ್ನಿಘನ್ ಎಂಬ ಮೂವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ನಾನು ಕಾಲೇಜಿನಲ್ಲಿ ಕಷ್ಟಪಟ್ಟು ಕಲಿತ ದೊಡ್ಡ ಫ್ರೇಮ್‌ವರ್ಕ್‌ಗಳು ಇಂದು ಯಾರಿಗೂ ಬೇಡವಾಗಿವೆ, ಆದರೆ ಈ ಪುಟ್ಟ ಕಮಾಂಡುಗಳು ಒಂದು ದಿನವೂ ಕೈಕೊಟ್ಟಿಲ್ಲ.

ನನ್ನ ಪತ್ರದ ಮುಖ್ಯ ಕಾಳಜಿ ಇರುವುದು ಕನ್ನಡದಲ್ಲಿ. ದಾವಣಗೆರೆ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ ಎಂದು ಪ್ರಾಥಮಿಕ ಶಾಲೆಯ ಮಗುವನ್ನು ಕೇಳಿದರೆ ಐದು ಎನ್ನುತ್ತದೆ. ಎಲ್ಲ ಲಿಪಿಗಳ ಪ್ರತಿ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪ್ರಕಾರ ದೀರ್ಘ ಮತ್ತು ಏತ್ವದ ಚಿಹ್ನೆಗಳು ಬೇರೆ ಬೇರೆಯಾಗಿರುವುದರಿಂದ ಅವು ಎಂಟು. ಕನ್ನಡದ ಪ್ರತಿಯೊಂದು ಚಿಹ್ನೆಗೂ ಯುಟಿಎಫ್-8 ಎಂಬ ಸಂಗ್ರಹ ರೂಪದಲ್ಲಿ ಮೂರು ಬೈಟ್ ಬೇಕಾಗಿರುವುದರಿಂದ ಕಂಪ್ಯೂಟರಿನ ಸ್ಮೃತಿಯಲ್ಲಿ ಅದೇ ಹೆಸರು ಇಪ್ಪತ್ತನಾಲ್ಕು ಬೈಟ್ ಆಗುತ್ತದೆ. ಒಂದೇ ಹೆಸರಿಗೆ ಐದು, ಎಂಟು, ಇಪ್ಪತ್ತನಾಲ್ಕು ಎಂಬ ಮೂರು ಲೆಕ್ಕಗಳಿವೆ ಎಂದು ತಿಳಿಯದೆ ಬರೆದ ಕೋಡ್ ಎಲ್ಲಿ ಬೇಕಾದರೂ ಎಡವುತ್ತದೆ. ಉದ್ದದ ಶೀರ್ಷಿಕೆಯನ್ನು ಇಂತಿಷ್ಟು ಬೈಟಿಗೆ ಕತ್ತರಿಸಿದಾಗ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ಚೌಕ ಕಾಣಿಸಿಕೊಳ್ಳುವುದು ಈ ಕಾರಣಕ್ಕೇ. ಬೈಟ್ ಬಿಟ್ಟು ಚಿಹ್ನೆಗಳ ಲೆಕ್ಕದಲ್ಲಿ ಕತ್ತರಿಸಿದರೂ ಕಷ್ಟ ತಪ್ಪುವುದಿಲ್ಲ. ಚಿತ್ರದುರ್ಗ ಎಂಬುದು ನಮ್ಮ ಬಾಯಲ್ಲಿ ನಾಲ್ಕೇ ಅಕ್ಷರ. ನಾಲ್ಕು ಕೊಡು ಎಂದು ಸಾಮಾನ್ಯ ಫಂಕ್ಷನ್‌ಗೆ ಹೇಳಿದರೆ ಅದು ಚಿತ್ ಎಂದಷ್ಟೇ ಕೊಟ್ಟು ಕೋಟೆಯ ಊರನ್ನು ಅರ್ಧದಲ್ಲೇ ನಿಲ್ಲಿಸುತ್ತದೆ.

ಇದರಿಂದ ಹಣದ ನಷ್ಟವೂ ಆಗುತ್ತದೆ. ಇಂಗ್ಲಿಷಿನ ಎಸ್‌ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿಯುತ್ತವೆ. ಕನ್ನಡದಲ್ಲಿ ಬರೆದ ತಕ್ಷಣ ಆ ಮಿತಿ 70 ಚಿಹ್ನೆಗಳಿಗೆ ಇಳಿಯುತ್ತದೆ, ಅದನ್ನು ಒಂದು ಚಿಹ್ನೆ ಮೀರಿದರೂ ಎರಡು ಸಂದೇಶಗಳೆಂದು ಲೆಕ್ಕ ಹಾಕಲಾಗುತ್ತದೆ. ರೈತರಿಗೆ ಮೆಕ್ಕೆಜೋಳದ ದರ ತಿಳಿಸುವ ಸಂದೇಶದಲ್ಲಿ ನಮಸ್ಕಾರದ ಒಂದು ಪದ ಹೆಚ್ಚಾದದ್ದಕ್ಕೆ ಅಂಗಡಿಯವರು ತಿಂಗಳುಗಟ್ಟಲೆ ಇಮ್ಮಡಿ ಹಣ ತೆತ್ತದ್ದನ್ನು ನಾನು ಕಂಡಿದ್ದೇನೆ. ಸಂದೇಶ ಕಳುಹಿಸುವ ಮೊದಲು ಚಿಹ್ನೆಗಳನ್ನು ಎಣಿಸಿ ಎಚ್ಚರಿಸುವ ನಾಲ್ಕು ಸಾಲಿನ ತುಣುಕು ಸಾಕಿತ್ತು.

ಇನ್ನು ಹುಡುಕಾಟದ ಮಾತು. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಕನ್ನಡ ಪದಗಳು ಕಂಪ್ಯೂಟರಿಗೆ ಬೇರೆ ಬೇರೆ ಆಗಿರಬಹುದು ಎಂಬುದನ್ನು ನಂಬಲು ನನಗೇ ಕಾಲ ಹಿಡಿಯಿತು. ಶಾಲೆಯೊಂದರ ಪಟ್ಟಿಯಲ್ಲಿ ರಮೇಶ್ ಎಂಬ ಹುಡುಗನ ಹೆಸರಿದ್ದರೂ ಹುಡುಕಿದಾಗ ಸಿಗುತ್ತಿರಲಿಲ್ಲ. ಕೆಲವು ಕೀಲಿಮಣೆಗಳು ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ಸೇರಿಸುತ್ತವೆ, ಅದನ್ನು ಹೊತ್ತ ರಮೇಶ್ ಮತ್ತು ಹೊರದ ರಮೇಶ್ ಇಬ್ಬರೂ ಬೇರೆ ವ್ಯಕ್ತಿಗಳಾಗಿಬಿಡುತ್ತಾರೆ. ಕೋಟೆ ಎಂಬ ಪದದ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಏತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು; ತೆರೆಯ ಮೇಲೆ ಎರಡಕ್ಕೂ ವ್ಯತ್ಯಾಸವಿಲ್ಲ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸೊನ್ನೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆಯನ್ನು ಒತ್ತುವ ಅಭ್ಯಾಸ ಟೈಪ್ ಮಾಡುವ ಬಹಳ ಜನರಲ್ಲಿದೆ. ಮಂಡಿ ಎಂದು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮ೦ಡಿ ಎಂದು ಬರೆದಿರುತ್ತಾರೆ. ಮೊದಲನೆಯದರಲ್ಲಿ ಅನುಸ್ವಾರವಿದೆ, ಎರಡನೆಯದರಲ್ಲಿ ಸೊನ್ನೆಯ ಅಂಕಿ ಇದೆ. ಈ ಮೂರೂ ತೊಡಕುಗಳನ್ನು ಬಗೆಹರಿಸುವ ಒಂದು ತುಣುಕನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಅದು ಪದದ ಕೊನೆಯ ಅಗೋಚರ ಚಿಹ್ನೆಯನ್ನು ತೆಗೆಯುತ್ತದೆ, ಬಿಡಿಸಿ ಬರೆದ ಸ್ವರಚಿಹ್ನೆಗಳನ್ನು ಜಾವಾಸ್ಕ್ರಿಪ್ಟಿನಲ್ಲಿ 2015ರ ಆವೃತ್ತಿಯಿಂದ ಇರುವ ನಾರ್ಮಲೈಸ್ ಫಂಕ್ಷನ್‌ನಿಂದ ಕೂಡಿಸುತ್ತದೆ, ಕನ್ನಡ ಅಕ್ಷರದ ಬೆನ್ನಿಗೇ ಬಂದ ಸೊನ್ನೆಯನ್ನು ಅನುಸ್ವಾರವಾಗಿಸುತ್ತದೆ. ಎಂಟು ಸಾಲು. ನಾನು ಮಾಡಿದ ಯಾವ ದೊಡ್ಡ ಯೋಜನೆಗಿಂತಲೂ ಹೆಚ್ಚು ಸಲ ಉಪಯೋಗಕ್ಕೆ ಬಂದದ್ದು ಇದೇ.

ಅಕಾರಾದಿಯ ವಿಷಯದಲ್ಲಿ ಚಿತ್ರದುರ್ಗ ಜಿಲ್ಲೆಯೇ ನನಗೆ ಪಾಠ ಕಲಿಸಿತು. ಆ ಜಿಲ್ಲೆಯ ಆರು ತಾಲ್ಲೂಕುಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿದರೆ ಹೊಸದುರ್ಗ ಆದ ಮೇಲೆ, ಎಲ್ಲಕ್ಕಿಂತ ಕೊನೆಗೆ, ಹೊಳಲ್ಕೆರೆ ಬರಬೇಕು. ನಮ್ಮ ವರ್ಣಮಾಲೆಯಲ್ಲಿ ಳಕಾರ ಇರುವುದು ಹಕಾರದ ನಂತರ. ಆದರೆ ಯೂನಿಕೋಡ್ ಪಟ್ಟಿಯಲ್ಲಿ ಳಕಾರವನ್ನು ಲಕಾರದ ಪಕ್ಕದಲ್ಲೇ ಕೂರಿಸಲಾಗಿದೆ. ಹೀಗಾಗಿ ಸಂಕೇತಸಂಖ್ಯೆಯನ್ನಷ್ಟೇ ನೋಡುವ ಸಾರ್ಟ್, ಹೊಳಲ್ಕೆರೆಯನ್ನು ಹೊಸದುರ್ಗಕ್ಕಿಂತ ಮುಂದಕ್ಕೆ ತರುತ್ತದೆ. ಹೋಲಿಸುವ ಹೊತ್ತಿಗೆ ಮಾತ್ರ ಳಕಾರವನ್ನು, ಹಕಾರದ ಪಕ್ಕದಲ್ಲಿ ಯೂನಿಕೋಡ್ ಖಾಲಿ ಬಿಟ್ಟಿರುವ ಸ್ಥಾನಕ್ಕೆ ಸರಿಸಿಕೊಂಡರೆ ಪಟ್ಟಿ ಸರಿಯಾಗುತ್ತದೆ. ಮತದಾರರ ಪಟ್ಟಿ, ಫಲಿತಾಂಶದ ಪಟ್ಟಿ, ಗ್ರಂಥಾಲಯದ ಪಟ್ಟಿ ಹೀಗೆ ಯಾವುದೇ ಉದ್ದದ ಪಟ್ಟಿಯಲ್ಲಿ ಹೆಸರು ಹುಡುಕುವ ಹಿರಿಯರಿಗೆ ಇದು ಸಣ್ಣ ವಿಷಯವಲ್ಲ. ಅವರು ಕಲಿತದ್ದು ವರ್ಣಮಾಲೆಯನ್ನು, ಸಂಕೇತಸಂಖ್ಯೆಗಳನ್ನಲ್ಲ.

ಮೊಬೈಲ್ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ತುಂಬಿದ ಮುಖ್ಯೋಪಾಧ್ಯಾಯರೊಬ್ಬರಿಗೆ, ಅಂಕಿಗಳನ್ನು ಮಾತ್ರ ಬರೆಯಿರಿ ಎಂದು ಕೆಂಪು ಅಕ್ಷರದಲ್ಲಿ ಉತ್ತರ ಬಂದದ್ದನ್ನು ನೋಡಿ ನನಗೆ ನೋವಾಗಿತ್ತು. ಅವರು ಬರೆದದ್ದು ಅಂಕಿಗಳನ್ನೇ. ಜಾವಾಸ್ಕ್ರಿಪ್ಟಿನ ಅಂಕಿ ಗುರುತಿಸುವ ಮಾದರಿ ಸೊನ್ನೆಯಿಂದ ಒಂಬತ್ತರವರೆಗಿನ ಇಂಗ್ಲಿಷ್ ಅಂಕಿಗಳನ್ನಷ್ಟೇ ಬಲ್ಲದು. ಆದರೆ ಪೈಥಾನ್ 3 ಕನ್ನಡ ಅಂಕಿಗಳನ್ನೂ ಸಂಖ್ಯೆಯೆಂದು ಒಪ್ಪುತ್ತದೆ. ಕನ್ನಡ ಅಂಕಿಗಳು ಯೂನಿಕೋಡಿನಲ್ಲಿ ಸಾಲಾಗಿ ಹತ್ತು ಸ್ಥಾನಗಳಲ್ಲಿ ಇರುವುದರಿಂದ, ಒಂದು ಕಳೆಯುವ ಲೆಕ್ಕದಲ್ಲಿ ಅವನ್ನು ಬದಲಿಸಿಕೊಳ್ಳಬಹುದು. ಕನ್ನಡ ಹೆಸರುಗಳಿರುವ ಸಿಎಸ್‌ವಿ ಕಡತವನ್ನು (ಅಲ್ಪವಿರಾಮಗಳಿಂದ ಕಾಲಂ ಬೇರ್ಪಡಿಸಿದ ಪಟ್ಟಿಯನ್ನು) ಎಕ್ಸೆಲ್‌ನಲ್ಲಿ ತೆರೆದಾಗ ಅರ್ಥವಾಗದ ಚಿಹ್ನೆಗಳ ರಾಶಿ ಬೀಳುವುದೂ ಎಲ್ಲ ಕಚೇರಿಗಳ ಗೋಳು. ಕಡತದ ತಲೆಯಲ್ಲಿ ಮೂರು ಬೈಟಿನ ಒಂದು ಗುರುತು ಸೇರಿಸಿದರೆ ಎಕ್ಸೆಲ್ ಅದನ್ನು ಯುಟಿಎಫ್-8 ಎಂದು ತಿಳಿದು ಕನ್ನಡವನ್ನು ಕನ್ನಡವಾಗಿಯೇ ತೋರಿಸುತ್ತದೆ. ಅದಕ್ಕೆ ಶೆಲ್‌ನಲ್ಲಿ ಬೇಕಾದದ್ದು ಒಂದು ಪ್ರಿಂಟ್‌ಎಫ್ ಮತ್ತು ಒಂದು ಕ್ಯಾಟ್ ಕಮಾಂಡ್. ಇದು ಗೊತ್ತಿಲ್ಲದೆ ಇಡೀ ಪಟ್ಟಿಯನ್ನು ಮತ್ತೆ ಟೈಪ್ ಮಾಡಿಸಿದ ಕಚೇರಿಯೊಂದನ್ನು ನಾನು ಬಲ್ಲೆ.

ಹೊರನಾಡಿನ ಪ್ರೋಗ್ರಾಮರುಗಳು ಇವನ್ನೆಲ್ಲ ನಮಗಾಗಿ ಬರೆದಿಡುತ್ತಾರೆ ಎಂದು ನಿರೀಕ್ಷಿಸುವುದು ಸರಿಯಲ್ಲ. ಅವರಿಗೆ ಈ ತೊಂದರೆಗಳೇ ಎದುರಾಗುವುದಿಲ್ಲ.

ಎತ್ತಿ ಅಂಟಿಸುವುದರಲ್ಲಿ ಇನ್ನೊಂದು ಅಪಾಯವಿದೆ. 2016ರ ಮಾರ್ಚ್‌ನಲ್ಲಿ, ಪದದ ಎಡಕ್ಕೆ ಖಾಲಿ ಜಾಗ ತುಂಬುವ ಹನ್ನೊಂದು ಸಾಲಿನ ಲೆಫ್ಟ್‌ಪ್ಯಾಡ್ ಎಂಬ ತುಣುಕನ್ನು ಅದರ ಕರ್ತೃ, ಜಾವಾಸ್ಕ್ರಿಪ್ಟ್ ಕೋಡ್‌ಗಳನ್ನು ಹಂಚಿಕೊಳ್ಳುವ ಎನ್‌ಪಿಎಂ ಭಂಡಾರದಿಂದ ಹಿಂತೆಗೆದುಕೊಂಡಾಗ, ಅದನ್ನು ನೇರವಾಗಿಯೋ ಪರೋಕ್ಷವಾಗಿಯೋ ನೆಚ್ಚಿಕೊಂಡಿದ್ದ ಅಸಂಖ್ಯ ಯೋಜನೆಗಳು ಜಗತ್ತಿನಾದ್ಯಂತ ಕೆಲವು ಗಂಟೆ ನಿಂತುಹೋದವು. ತಾವೇ ಬರೆದುಕೊಳ್ಳಬಹುದಾಗಿದ್ದ ಹನ್ನೊಂದು ಸಾಲು! ಶೆಲ್‌ನಲ್ಲಂತೂ ಅಜಾಗರೂಕತೆಗೆ ಕ್ಷಮೆಯಿಲ್ಲ. ಫೋಲ್ಡರಿನ ಹೆಸರನ್ನು ವೇರಿಯಬಲ್ ಒಂದರಲ್ಲಿಟ್ಟು, ಅದರ ನಂತರ ಓರೆಗೆರೆ ಹಾಕಿ, ಒಳಗಿರುವುದನ್ನೆಲ್ಲ ಅಳಿಸು ಎಂದು ಬರೆದ ಸಾಲು, ಆ ವೇರಿಯಬಲ್ ಖಾಲಿಯಾಗಿದ್ದರೆ, ಇಡೀ ಯಂತ್ರದ ಬೇರಿನಿಂದಲೇ ಅಳಿಸಲು ಹೊರಡುತ್ತದೆ. ಸ್ಕ್ರಿಪ್ಟಿನ ಆರಂಭದಲ್ಲಿ, ಬೆಲೆಯನ್ನೇ ಕೊಟ್ಟಿರದ ವೇರಿಯಬಲ್ ಕಂಡರೆ ಮತ್ತು ಯಾವುದಾದರೂ ಕಮಾಂಡ್ ವಿಫಲವಾದರೆ ಅಲ್ಲೇ ನಿಲ್ಲು ಎಂಬ ಸೆಟ್ ಸಾಲನ್ನು ಬರೆಯುವುದು, ಪ್ರತಿ ವೇರಿಯಬಲನ್ನೂ ಉದ್ಧರಣ ಚಿಹ್ನೆಯೊಳಗೆ ಇಡುವುದು, ಅಳಿಸುವ ಮೊದಲು ಎಕೋದಿಂದ ಒಮ್ಮೆ ಮುದ್ರಿಸಿ ಕಣ್ಣಾಡಿಸುವುದು ರೂಢಿಯಾಗಬೇಕು. ಯಾರದೋ ಪುಟದಿಂದ ಕರ್ಲ್ ಕಮಾಂಡಿನಲ್ಲಿ ಇಳಿಸಿದ ಸ್ಕ್ರಿಪ್ಟನ್ನು ಓದದೆ, ಅದನ್ನು ಓಡಿಸುವ ಬ್ಯಾಶ್ ಎಂಬ ಶೆಲ್‌ಗೆ ನೇರ ಹರಿಸುವುದಂತೂ ಅಪರಿಚಿತನ ಕೈಗೆ ಮನೆಯ ಬೀಗದ ಕೈ ಕೊಟ್ಟಂತೆ. ಈಗ ವಿದ್ಯಾರ್ಥಿಗಳು ಎಐ ಚಾಟ್‌ಗಳಿಂದ ಕೋಡ್ ಬರೆಸಿಕೊಳ್ಳುತ್ತಾರೆ. ಅದನ್ನು ನಾನು ಬೇಡ ಎನ್ನುವುದಿಲ್ಲ, ನಾನೂ ಬಳಸುತ್ತೇನೆ. ಆದರೆ ಮೇಲೆ ಹೇಳಿದ ತಾರೀಕಿನ ಸಾಲಿನಂಥದ್ದು ಅಲ್ಲಿಂದ ಬಂದರೂ, ಅದರಲ್ಲಿರುವ ತಪ್ಪನ್ನು ಹಿಡಿಯಬೇಕಾದವರು ನಾಲ್ಕು ಗಂಟೆಗೆ ಮಂಡಿ ತೆರೆಯುತ್ತದೆ ಎಂದು ಬಲ್ಲ ನಾವೇ.

ಇಷ್ಟನ್ನು ಹೇಳಿದ ಮೇಲೆ ನನ್ನ ಬೇಡಿಕೆಯನ್ನು ಸ್ಪಷ್ಟಪಡಿಸುತ್ತೇನೆ. 1951ರಿಂದ ಎಂಜಿನಿಯರಿಂಗ್ ಕಾಲೇಜು ನಡೆಯುತ್ತಿರುವ ಊರು ನಮ್ಮದು. ಇಲ್ಲಿಯ ಮತ್ತು ಚಿತ್ರದುರ್ಗದ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಹಾಗೂ ಬಿಸಿಎ ಕಾಲೇಜುಗಳ ಅಧ್ಯಾಪಕರು ಪ್ರತಿ ವಾರದ ಲ್ಯಾಬ್‌ನಲ್ಲಿ ಹದಿನೈದು ನಿಮಿಷವನ್ನು ಇಂಥ ಒಂದು ತುಣುಕಿಗೆ ಮೀಸಲಿಡಬೇಕು. ವಿದ್ಯಾರ್ಥಿ ಅದನ್ನು ತಾನೇ ಬರೆದು, ಒಳಗೆ ಏನು ಹೋಗುತ್ತದೆ, ಹೊರಗೆ ಏನು ಬರುತ್ತದೆ, ಎಲ್ಲಿ ಕೆಡಬಹುದು ಎಂಬುದನ್ನು ಕೋಡಿನ ತಲೆಯಲ್ಲೇ ಕನ್ನಡದ ಟಿಪ್ಪಣಿಯಾಗಿ ಬರೆದು, ತನ್ನ ಊರಿನ ಮತ್ತು ತನ್ನ ಮನೆಯವರ ಹೆಸರುಗಳಿಂದ ಪರೀಕ್ಷಿಸಿ ತೋರಿಸಬೇಕು. ಬ್ಯಾಶ್ ಆಗಲಿ ಪೈಥಾನ್ ಆಗಲಿ ಕನ್ನಡದ ಟಿಪ್ಪಣಿಗೆ ಅಡ್ಡಿ ಮಾಡುವುದಿಲ್ಲ. ಪಠ್ಯಕ್ರಮವೇ ಮುಗಿಯುತ್ತಿಲ್ಲ, ಕ್ಯಾಂಪಸ್ ಸಂದರ್ಶನದಲ್ಲಿ ಇದನ್ನು ಯಾರು ಕೇಳುತ್ತಾರೆ ಎಂದು ಅಧ್ಯಾಪಕ ಮಿತ್ರರೊಬ್ಬರು ನನ್ನನ್ನು ಪ್ರಶ್ನಿಸಿದ್ದಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಬಳಿ ಕೆಲಸ ಕೇಳಿ ಬರುವ ಹುಡುಗ ಹುಡುಗಿಯರಿಗೆ ನಾನು ಕೊಡುವ ಮೊದಲ ಪರೀಕ್ಷೆ, ಗೊಂದಲಮಯವಾದ ಕನ್ನಡ ಹೆಸರುಗಳ ಪಟ್ಟಿಯೊಂದನ್ನು ಶುದ್ಧ ಮಾಡಿ ವರ್ಣಮಾಲೆಯ ಕ್ರಮಕ್ಕೆ ತರುವುದೇ ಆಗಿದೆ, ಮತ್ತು ಅದರಲ್ಲಿ ಗೆದ್ದವರು ಬೇರೆ ಕೆಲಸಗಳನ್ನು ಬೇಗ ಕಲಿತದ್ದನ್ನು ಕಂಡಿದ್ದೇನೆ. ಖರ್ಚಿನ ಪ್ರಶ್ನೆಯೇ ಇಲ್ಲಿಲ್ಲ: ಲಿನಕ್ಸ್ ಉಚಿತ, ಹಳೆಯ ಕಂಪ್ಯೂಟರ್ ಧಾರಾಳವಾಗಿ ಸಾಕು.

ಹೀಗೆ ಬರೆದದ್ದನ್ನು ರೆಕಾರ್ಡ್ ಪುಸ್ತಕದಲ್ಲಿ ಮುಚ್ಚಿಡದೆ, ಎರಡೂ ಜಿಲ್ಲೆಗಳ ಕಾಲೇಜುಗಳು ಸೇರಿ, ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನಲ್ಲಿ ಒಂದೇ ಭಂಡಾರವಾಗಿ ಇಟ್ಟುಕೊಂಡರೆ, ಒಬ್ಬರ ತಿದ್ದುಪಡಿ ಎಲ್ಲರಿಗೂ ಸಿಗುತ್ತದೆ. ಪಾಸ್‌ವರ್ಡುಗಳನ್ನು ಮಾತ್ರ ಅದರಲ್ಲಿ ಬರೆಯಬಾರದು; ಗಿಟ್ ಹಳೆಯದನ್ನು ಮರೆಯುವುದಿಲ್ಲ, ನಂತರ ಅಳಿಸಿದರೂ ಇತಿಹಾಸದಲ್ಲಿ ಉಳಿದಿರುತ್ತದೆ. ತಮ್ಮ ಪತ್ರಿಕೆಯ ಬಳಿಯೂ ಒಂದು ವಿನಂತಿ ಇದೆ. ವಾರಕ್ಕೊಮ್ಮೆ ಶಿಕ್ಷಣ ಪುಟದ ಮೂಲೆಯಲ್ಲಿ ಅಂಗೈಯಗಲದ ಜಾಗ ಬಿಟ್ಟು, ಒಂದು ತುಣುಕು ಕೋಡನ್ನು ಅದರ ಕನ್ನಡ ವಿವರಣೆಯೊಂದಿಗೆ ಪ್ರಕಟಿಸಬೇಕು. ನಾನು ಇಷ್ಟು ವರ್ಷ ಬರೆದಿಟ್ಟುಕೊಂಡು ದಿನವೂ ಬಳಸುತ್ತಿರುವ ನಲವತ್ತಕ್ಕೂ ಹೆಚ್ಚು ತುಣುಕುಗಳಿವೆ. ಎಲ್ಲಕ್ಕೂ ಕನ್ನಡದಲ್ಲಿ ಟಿಪ್ಪಣಿ ಬರೆದು ಪತ್ರಿಕೆಯ ಕಚೇರಿಗೆ ತಲುಪಿಸುತ್ತೇನೆ, ಯಾವುದೇ ಸಂಭಾವನೆ ಬೇಡ. ಯಾವ ಕಾಲೇಜಿನವರು ಕರೆದರೂ ಶನಿವಾರ ಮಧ್ಯಾಹ್ನ ನನ್ನದೇ ಲ್ಯಾಪ್‌ಟಾಪ್ ಹಿಡಿದು ಬರುತ್ತೇನೆ. ಹೊಸದುರ್ಗ ಮತ್ತು ಹೊಳಲ್ಕೆರೆಯ ಪಟ್ಟಿಯಿಂದಲೇ ಮೊದಲ ತರಗತಿಯನ್ನು ಆರಂಭಿಸೋಣ.

ತಮ್ಮ ವಿಶ್ವಾಸಿ,
ಒಬ್ಬ ವೆಬ್ ಪ್ರೋಗ್ರಾಮರ್,
ದಾವಣಗೆರೆ